ಸೂಜಿ ಹಾಕದ ಕಂಪೌಂಡರ್

ಗೋವಾದ ವೆರ್ಣಾದಾಗ ನಮ್ಮ ಕಂಪನಿ ಬಸ್ ನಿಲ್ಲೂ ಕಡೆ ಒಂದು ದವಾಖಾನಿ ಇತ್ತು. ಡಾಕ್ಟರು ಸಂಜೀಕ ಬರ್ತಿದ್ರು. ಹಗಲೆಲ್ಲಾ ಕೂಡ್ತಿದ್ದಂವ ಕಂಪೌಂಡರ್. ಗಾಯ ತೊಳದು ಪಟ್ಟಿ ಕಟ್ಟಾಂವ, ಅಷ್ಟ. ಜ್ವರ ಬಂದೈತಿ, ಸೂಜಿ ಹಾಕ್ರಿ ಅಂದ್ರ ಮುಂಗೈ ಮುಟ್ಟಿ ತೋರಿಸಿ, "ನನ್ನ ಹದ್ದು ಇಲ್ಲಿತನಕರಿ, ಮ್ಯಾಲ ಸೂಜಿ ಹಾಕೂ ತೋಳು ಡಾಕ್ಟರದು" ಅಂತಿದ್ದ. ಆದ್ರೂ ನಾವೆಲ್ಲಾ ಅಂವಗ "ಡಾಕ್ಟರ್ ಸಾಹೇಬ್ರ" ಅಂತಿದ್ವಿ.

ಅದನ್ನ ಕೇಳಿದವರ‍್ಯಾರೋ ದೂರು ಕೊಟ್ರು, ಲೈಸನ್ಸ್ ಇಲ್ಲದ ಡಾಕ್ಟರಕಿ ಮಾಡಾಕತ್ತಾನಂತ. ವೈದ್ಯಕೀಯ ಮಂಡಳಿಯವರು ವಿಚಾರಣೆಗೆ ಬಂದ್ರು. ಕನ್ನಡ ಬಲ್ಲ ಸಾಹೇಬ್ರೊಬ್ಬರು ನಮ್ಮನ್ನ ಕೇಳಿದ್ರು. ಅಂವನ್ನ ಉಳಿಸೂ ಹುರುಪಿನ್ಯಾಗ ನಾನ ಮೊದಲು ಒದರಿದೆ: "ಭಾಳ ದೊಡ್ಡ ಡಾಕ್ಟರ್ ರೀ!" ಉಳಿದವರೂ ಹೌದ್ರಿ ಹೌದ್ರಿ ಅಂದ್ರು. ಕಂಪೌಂಡರನ ಮಾರಿ ಬಿಳಿಚಿತು. ಸಾಹೇಬ್ರು ಬರಕೊಳ್ಳಾಕ ಹತ್ತಿದ್ರು.

ಆಗ ಗಾರೆ ಕೆಲಸದ ಮಲ್ಲವ್ವ ಸಿಟ್ಟಿಲೆ ಮುಂದ ಬಂದ್ಲು. "ಎಲ್ಲಿ ಡಾಕ್ಟರ್ ರೀ ಇಂವಾ? ಜ್ವರ ಅಂತ ಮೂರು ಸಲ ಬಂದೀನಿ, ಒಂದು ಸೂಜಿ ಹಾಕಿಲ್ಲ, ಒಂದು ಗುಳಗಿ ಕೊಟ್ಟಿಲ್ಲ! ಸಂಜೀಕ ಬಾ ಅಂತಾನ!"

ಸಾಹೇಬ್ರ ಪೆನ್ನು ನಿಂತಿತು. ಬರದದ್ದನ್ನ ಹೊಡದು ಹಾಕಿ, ನಕ್ಕೋತ ಎದ್ದು ಹೋದ್ರು.

ಮರುದಿನ ಮಲ್ಲವ್ವ ಮತ್ತ ಬಂದ್ಲು. ಕಂಪೌಂಡರ್ ತನ್ನ ಕುರ್ಚಿ ಬಿಟ್ಟುಕೊಟ್ಟು, ಚಾ ತರಿಸಿ ಕುಡಿಸಿದ. ಸೂಜಿ ಕೇಳಿದ್ದಕ್ಕ ಮಾತ್ರ ಮುಂಗೈ ತೋರಿಸಿದ.