ಮಂಜಿನಲ್ಲಿ ಕುಂಬಳಕಾಯಿ ಕೊಯ್ದ ಬೆಳಗು

ಸಿಡ್ನಿಯ ಕ್ವೇಕರ್ಸ್ ಹಿಲ್‌ನಿಂದ ಮೆಲ್ಬರ್ನ್‌ನ ಪಾಯಿಂಟ್ ಕುಕ್‌ಗೆ ನಾವು ಮನೆ ಬದಲಿಸಿದ್ದು ನನ್ನ ಗಂಡನ ಕೆಲಸಕ್ಕಾಗಿ. ಸಿಡ್ನಿಯಲ್ಲಿದ್ದಾಗ ನಾನೂ ರೈಲು ಹತ್ತಿ ಚಾಟ್ಸ್‌ವುಡ್‌ನ ಒಂದು ಆಫೀಸಿಗೆ ಹೋಗುತ್ತಿದ್ದೆ. ಇಲ್ಲಿಗೆ ಬಂದ ಮೇಲೆ ಹತ್ತು ತಿಂಗಳಾದರೂ ನನಗೆ ಕೆಲಸ ಸಿಗಲಿಲ್ಲ. ಬೆಳಿಗ್ಗೆ ಗಂಡ ಫ್ರೀವೇ ಹಿಡಿದು ಸಿಟಿಗೆ ಹೋಗುತ್ತಿದ್ದ, ಮಗಳು ಶಾಲೆಗೆ. ಆಮೇಲೆ ಮನೆಯಲ್ಲಿ ಫ್ರಿಜ್ಜಿನ ಸದ್ದೊಂದೇ. ಎರಡು ಇಂಟರ್‌ವ್ಯೂಗಳಲ್ಲಿ ಪ್ರಶ್ನೆ ತಿಳಿದರೂ ಉತ್ತರ ಬಾಯಿಗೆ ಬರದೆ ಸುಮ್ಮನೆ ಕೂತಿದ್ದೆ. ಮೂರನೆಯದಕ್ಕೆ ಹೋದವಳು ಕಾರಿನಿಂದ ಇಳಿಯದೆ ವಾಪಸ್ ಬಂದಿದ್ದೆ. ಧಾರವಾಡದಲ್ಲಿದ್ದ ಅವ್ವನಿಗೆ ಮಾತ್ರ ಫೋನಿನಲ್ಲಿ, "ಕೆಲಸಾ ಸಿಕ್ಕೇತಿ ಅವ್ವಾ, ಛಲೋ ಆಫೀಸ ಐತಿ" ಎಂದುಬಿಟ್ಟಿದ್ದೆ. ಒಮ್ಮೆ ಹೇಳಿದ ಮೇಲೆ ಪ್ರತಿ ಭಾನುವಾರ ಅದಕ್ಕೊಂದು ಹೊಸ ವಿವರ ಸೇರಿಸಬೇಕಾಗುತ್ತಿತ್ತು.

ಲೈಬ್ರರಿಯ ಬಾಗಿಲಿಗೆ ಅಂಟಿಸಿದ್ದ ಒಂದು ಚೀಟಿ ನೋಡಿ ನಾನು ಆ ತೋಟಕ್ಕೆ ಹೋದೆ. ನಮ್ಮ ಸಬರ್ಬ್ ಮುಗಿದು ಸಮುದ್ರದ ಕಡೆಗೆ ಬಯಲು ಶುರುವಾಗುವಲ್ಲಿ ಅದಿತ್ತು. ಯಾರೊಬ್ಬರ ಸ್ವಂತದ್ದೂ ಅಲ್ಲ. ಬಂದವರು ಸಂಬಳವಿಲ್ಲದೆ ದುಡಿಯುತ್ತಾರೆ, ಹೋಗುವಾಗ ಒಂದು ಚೀಲ ತರಕಾರಿ ಒಯ್ಯುತ್ತಾರೆ, ಉಳಿದದ್ದು ಊಟಕ್ಕೆ ಕಷ್ಟವಿರುವ ಮನೆಗಳಿಗೆ ಹೋಗುತ್ತದೆ. ಅನುಭವ ಬೇಕಿಲ್ಲ ಎಂದು ಚೀಟಿಯಲ್ಲಿತ್ತು. ಚೆನ್ನಾಗಿ ಇಂಗ್ಲಿಷ್ ಬರಬೇಕು ಎಂದೇನೂ ಇರಲಿಲ್ಲ.

ಯುಗಾದಿಯ ಮರುವಾರ, ಒಂದು ಬುಧವಾರ. ಈ ದೇಶದಲ್ಲಿ ಯುಗಾದಿ ಬರುವುದು ಎಲೆ ಉದುರುವ ಕಾಲಕ್ಕೆ. ಬಿಸಿಲು ಓರೆಯಾಗಿ ಬೀಳುತ್ತಿತ್ತು, ನೆಲ ಮುಟ್ಟುವ ಮೊದಲೇ ದಣಿದಂತೆ. ಎಲ್ಲರ ನೆರಳೂ ಉದ್ದ. ತೋಟ ನೋಡಿಕೊಳ್ಳುವ ಎತ್ತರದ ಹೆಂಗಸು ನನ್ನನ್ನು ಕಳೆ ಕೀಳಲು ಕೂರಿಸಿದಳು. ಕಿತ್ತು ಕಿತ್ತು ರಾಶಿ ಹಾಕುತ್ತಿದ್ದಾಗ ಕೈಗೆ ನುಣ್ಣನೆಯ, ರಸ ತುಂಬಿದ ಕೆಂಪು ದಂಟೊಂದು ಸಿಕ್ಕಿತು. ಗೋಳಿ ಪಲ್ಯ! ಬೇಳೆ ಹಾಕಿ ಅವ್ವ ಮಾಡುತ್ತಿದ್ದ ಸೊಪ್ಪು, ಇಲ್ಲಿ ಕಸದ ರಾಶಿಯಲ್ಲಿ ಬಿದ್ದಿತ್ತು. ಯಾರೂ ನೋಡದಂತೆ ಜಾಕೆಟ್ಟಿನ ಜೇಬಿಗೆ ತುಂಬತೊಡಗಿದೆ. ಅದೇ ರಾಶಿಯ ಆಚೆಯಿಂದ ಇನ್ನೊಂದು ಕೈ ಬಂತು. ಕಪ್ಪು ಸ್ವೆಟರ್, ಗಂಡಸರ ಬೂಟು, ಎಂಬತ್ತರ ಆಸುಪಾಸಿನ ಅಜ್ಜಿ. ಅವಳ ಏಪ್ರನ್ನಿನ ತುಂಬ ಅದೇ ಸೊಪ್ಪು. ಇಬ್ಬರೂ ಸಿಕ್ಕಿಬಿದ್ದ ಕಳ್ಳರಂತೆ ಒಬ್ಬರನ್ನೊಬ್ಬರು ನೋಡಿದೆವು. ಅವಳು ಬೆರಳು ಮಡಚಿ ಬಾಯಿಗೆ ತುತ್ತಿಟ್ಟುಕೊಂಡಂತೆ ಮಾಡಿ ನಕ್ಕಳು.

ತೋಟದ ಹೆಂಗಸು ಆಮೇಲೆ ವಿಷಯ ಹೇಳಿದಳು. ಅಜ್ಜಿ ಐವತ್ತು ವರ್ಷದ ಹಿಂದೆ ಇಟಲಿಯ ದಕ್ಷಿಣದ ಒಂದು ಹಳ್ಳಿಯಿಂದ ಬಂದವಳು. ಈಗ ಮರೆವು ಹತ್ತಿದೆ. ಕಲಿತ ಇಂಗ್ಲಿಷ್ ಮೊದಲು ಹೋಯಿತು, ಉಳಿದಿರುವುದು ಹಳ್ಳಿಯ ಮಾತು ಮಾತ್ರ. "ಅವಳ ಜೊತೆ ಮಾತಾಡೋದು ಕಷ್ಟ, ಬೇಜಾರು ಮಾಡ್ಕೋಬೇಡ" ಎಂದಳು.

ನನಗೇನೂ ಕಷ್ಟವಾಗಲಿಲ್ಲ. ಪ್ರತಿ ಬುಧವಾರ ನಾವಿಬ್ಬರೂ ಒಂದೇ ಸಾಲಿನಲ್ಲಿ ಕೂತು ಕೊಯ್ಯುತ್ತಿದ್ದೆವು. ಅವಳು ತನ್ನ ಭಾಷೆಯಲ್ಲಿ ಏನೋ ಹೇಳುವಳು, ನಾನು ಧಾರವಾಡದ ಕನ್ನಡದಲ್ಲಿ ಉತ್ತರ ಕೊಡುವೆ. "ಈ ಬದನಿಕಾಯಿ ನೋಡ್ರಿ, ಎಣ್ಣಿಗಾಯಿಗೆ ಹೇಳಿ ಮಾಡಿಸಿಧಂಗ ಅದಾವು" ಎಂದರೆ ಅವಳು ಒಂದನ್ನು ಎತ್ತಿ ಬೆಳಕಿಗೆ ಹಿಡಿದು, ಉದ್ದವಾಗಿ ಏನೋ ವಿವರಿಸಿ, ಕೊನೆಗೆ ನಿಟ್ಟುಸಿರಿಡುವಳು. ನಾನೂ ನಿಟ್ಟುಸಿರಿಡುವೆ. ಮನೆಯ ಹೊರಗೆ, ಬಯಲಲ್ಲಿ, ಗಟ್ಟಿಯಾಗಿ ಕನ್ನಡ ಮಾತಾಡಿದ್ದು ಈ ದೇಶದಲ್ಲಿ ಅದೇ ಮೊದಲು. ನಾಲಿಗೆಗೆ ಕಟ್ಟಿದ್ದ ದಾರ ಬಿಚ್ಚಿದಂತೆ ಆಗುತ್ತಿತ್ತು. ದೂರದಲ್ಲಿ ಬಿಳಿ ಕಾಕಟೂ ಗಿಳಿಗಳು ಜೋಳದ ಒಣ ದಂಟಿನ ಮೇಲೆ ಇಳಿದು ಏಳುತ್ತಿದ್ದವು. ಕೆಲವೊಮ್ಮೆ ನಾನು ಯಾವ ಊರಲ್ಲಿದ್ದೇನೆ, ಯಾವ ವಯಸ್ಸಿನವಳು ಎಂಬುದು ಗಳಿಗೆ ಹೊತ್ತು ನೆನಪಾಗುತ್ತಲೇ ಇರಲಿಲ್ಲ.

ಒಂದು ದಿನ ಮೆಣಸಿನಕಾಯಿ ಬಿಡಿಸುತ್ತ ಅವಳಿಗೆ ಎಲ್ಲ ಹೇಳಿಬಿಟ್ಟೆ. "ಅವ್ವಗ ಸುಳ್ಳ ಹೇಳೇನಿ ಅಜ್ಜಿ. ಕೆಲಸಾನೂ ಇಲ್ಲ, ಆಫೀಸೂ ಇಲ್ಲ. ಮಂದಿ ಮುಂದ ಬಾಯಿ ತಗಿಯಾಕ ಅಂಜಿಕಿ ಬರತೈತಿ." ಹೇಳುತ್ತ ಅಳು ಬಂತು. ಅಜ್ಜಿ ಕೈ ನಿಲ್ಲಿಸಿ ನನ್ನನ್ನೇ ನೋಡಿದಳು. ಆಮೇಲೆ ಜೇಬಿನಿಂದ ಅಂಜೂರವೊಂದನ್ನು ತೆಗೆದು, ಹೆಬ್ಬೆರಳಿನಿಂದ ಎರಡಾಗಿ ಬಿಡಿಸಿ, ದೊಡ್ಡ ಹೋಳನ್ನು ನನಗೆ ಕೊಟ್ಟಳು.

ಕುಂಬಳಕಾಯಿ ಕೊಯ್ಲಿನ ದಿನ ದಟ್ಟ ಮಂಜು ಬಿದ್ದಿತ್ತು. ಬಳ್ಳಿಗಳೆಲ್ಲ ಒಣಗಿ, ಬೂದು ನೀಲಿ ಕಾಯಿಗಳು ಮಲಗಿದ ಕುರಿಗಳ ಹಾಗೆ ನೆಲದ ಮೇಲೆ ಕಾಣುತ್ತಿದ್ದವು. ಹದಿನೈದು ಜನ ಸಾಲಾಗಿ ನಿಂತು ಕಾಯಿಗಳನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದೆವು. ಮುಖಗಳು ಕಾಣುತ್ತಿರಲಿಲ್ಲ. ಎಡಗಡೆಯ ಬಿಳುಪಿನೊಳಗಿಂದ ಅಜ್ಜಿಯ ಎರಡು ಕೈ ಚಾಚುತ್ತಿದ್ದವು. ನಾನು ಕಾಯಿ ತೆಗೆದುಕೊಂಡು ಬಲಗಡೆಯ ಬಿಳುಪಿಗೆ ಕೊಡುತ್ತಿದ್ದೆ. ಎಷ್ಟು ಹೊತ್ತು ಹಾಗೆ ನಡೆಯಿತೋ. ಒಮ್ಮೆ ಎಡಕ್ಕೆ ತಿರುಗಿ ಕೈ ಚಾಚಿದರೆ ಯಾರ ಕೈಯೂ ಬರಲಿಲ್ಲ. ಕುಂಬಳಕಾಯಿ ಅಲ್ಲೇ ನೆಲದ ಮೇಲಿತ್ತು.

ತೋಟದ ಅಂಚಿಗೆ ನೀರಿನ ಕಾಲುವೆಯಿತ್ತು. ತೋಟದ ಹೆಂಗಸು ಮೊದಲು ಅಲ್ಲಿಗೇ ಓಡಿದಳು. ಎಲ್ಲರೂ ಅಜ್ಜಿಯ ಹೆಸರು ಹಿಡಿದು ಕೂಗುತ್ತ ದಿಕ್ಕಿಗೊಬ್ಬರಂತೆ ಹೋದರು. ಉತ್ತರವಿಲ್ಲ. ನಾನು ಜೋಳದ ದಂಟುಗಳ ನಡುವೆ ಹೊಕ್ಕೆ. ನನಗೆ ಬಂದದ್ದು ನನ್ನ ಮಾತೇ: "ಅಜ್ಜೀ, ಎಲ್ಲಿ ಅದೀರಿ? ಓ ಅನ್ರಿ!" ನಾಲ್ಕೈದು ಸಲ ಕರೆದ ಮೇಲೆ ಬಲಗಡೆಯಿಂದ ಸಣ್ಣ ದನಿಯೊಂದು ಓಗೊಟ್ಟಿತು.

ಅವರೆಯಂತೆ ಹಬ್ಬುವ, ಕೆಂಪು ಚುಕ್ಕೆಯ ಬೀನ್ಸಿನ ಚಪ್ಪರದ ಕೆಳಗೆ ಅವಳು ಕಾಲು ಚಾಚಿ ಕೂತು, ಒಣ ಕಾಯಿ ಸುಲಿದು ಕಾಳನ್ನು ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು. ನನ್ನನ್ನು ಕಂಡು ಅವಳ ಮುಖ ಚಿಕ್ಕ ಹುಡುಗಿಯ ಮುಖದಂತಾಯಿತು. ಕೆನ್ನೆ ಮುಟ್ಟಿ ಒಂದು ಹೆಸರು ಹೇಳಿದಳು. ಅದು ಅವಳ ಅಕ್ಕನ ಹೆಸರೆಂದು ಆಮೇಲೆ ಅವಳ ಮಗನಿಂದ ತಿಳಿಯಿತು. ಆಗ ನನಗೆ ಇಷ್ಟು ಮಾತ್ರ ಅರ್ಥವಾಯಿತು: ನಾನು ಬರಲೆಂದು ಅವಳು ಬಹಳ ಹೊತ್ತಿನಿಂದ ಕಾಯುತ್ತಿದ್ದಳು. "ಸಿಕ್ಕಾರ, ಇಲ್ಲೇ ಅದಾರ!" ಎಂದು ಗಟ್ಟಿಯಾಗಿ ಕೂಗಿದೆ. ಕನ್ನಡದಲ್ಲಿ ಕೂಗಿದ್ದೇನೆಂದು ತಿಳಿದು ಮತ್ತೆ ಇಂಗ್ಲಿಷಿನಲ್ಲಿ ಕೂಗಿದೆ. ಜನ ಬರುವವರೆಗೆ ಅವಳ ಪಕ್ಕ ಕೂತು ನಾನೂ ಕಾಳು ಸುಲಿದೆ. ಮಂಜು ನಮ್ಮ ಸುತ್ತ ಮೆಲ್ಲಗೆ ಸರಿಯುತ್ತಿತ್ತು. ಅವಳು ನನ್ನ ಭುಜಕ್ಕೆ ತಲೆ ಒರಗಿಸಿದಳು. ಆ ಹತ್ತು ನಿಮಿಷ ನಾನು ಅಕ್ಕನಾಗಿಯೇ ಇದ್ದೆ.

ಆ ಭಾನುವಾರ ಅವ್ವನಿಗೆ ನಿಜ ಹೇಳಿದೆ. ಅವ್ವ ಒಂದಿಷ್ಟೂ ಬೆರಗಾಗಲಿಲ್ಲ. "ಗೊತ್ತಿತ್ತು ನನಗ. ಒಂದ ವಾರ ನಿನ್ನ ಆಫೀಸು ಮೂರನೇ ಮಾಳಗೀ ಮ್ಯಾಲ, ಇನ್ನೊಂದ ವಾರ ಐದನೇದ್ದರ ಮ್ಯಾಲ. ಈಗರೆ ಹೇಳಿದ್ಯಲ್ಲಾ, ಸಾಕ ಬಿಡು" ಎಂದಳು.

ಅಜ್ಜಿಯ ಮಗ ಮತ್ತೆ ಅವಳನ್ನು ತೋಟಕ್ಕೆ ಕಳಿಸಲಿಲ್ಲ. ಚಳಿಗಾಲದಲ್ಲಿ ಅವಳು ವೃದ್ಧರ ಆರೈಕೆ ಕೇಂದ್ರ ಸೇರಿದಳು. ಅಲ್ಲಿಗೆ ನಾನು ಮೂರು ಸಲ ಹೋದೆ. ಒಮ್ಮೆ ಮಗಳನ್ನೂ ಕರೆದೊಯ್ದಿದ್ದೆ. ಅಜ್ಜಿ ಅವಳ ಜಡೆ ಹಿಡಿದು ಬಹಳ ಹೊತ್ತು ಏನೋ ಹೇಳಿದಳು. ವಾಪಸ್ ಬರುವಾಗ ಮಗಳು ಹಿಂದಿನ ಸೀಟಿನಿಂದ, "ಅಮ್ಮ, ವಾಟ್ ಡಿಡ್ ಶೀ ಸೇ?" ಎಂದಳು.

"ಜಡಿ ಛಂದ ಐತಿ ಅಂದ್ಲು."

"ಹೌ ಡು ಯು ನೋ?"

ಕಾರಿನ ಕನ್ನಡಿಯಲ್ಲಿ ಅವಳ ಜಡೆ ನೋಡಿ ನಕ್ಕೆ.

ವಸಂತದಲ್ಲಿ, ತೋಟದ ಹೆಂಗಸು ತೋರಿಸಿದ ಒಂದು ಶಿಶುವಿಹಾರದ ಅಡುಗೆಮನೆಯ ಕೆಲಸಕ್ಕೆ ಅರ್ಜಿ ಹಾಕಿದೆ. ಇಂಟರ್‌ವ್ಯೂನಲ್ಲಿ ಎರಡು ಕಡೆ ತಡವರಿಸಿದೆ, ಆದರೆ ನಿಲ್ಲಲಿಲ್ಲ. ಕೆಲಸ ಸಿಕ್ಕಿತು. ಮತ್ತೆ ಎಲೆ ಉದುರುವ ಕಾಲ ಬರುವ ಹೊತ್ತಿಗೆ ಅಜ್ಜಿ ಇರಲಿಲ್ಲ. ಸುದ್ದಿ ಕೇಳಿದ ವಾರ ಬುಧವಾರ ರಜೆ ಹಾಕಿ ತೋಟಕ್ಕೆ ಹೋದೆ. ಆಲೂಗಡ್ಡೆ ಅಗೆಯಲು ಜನ ಬೇಕಾಗಿದ್ದರು. ಮೇಲೆ ಗಾಳಿ ತಣ್ಣಗಿತ್ತು, ಒಳಗೆ ಮಣ್ಣು ಇನ್ನೂ ಬೆಚ್ಚಗಿತ್ತು. ಮಗಳ ಶಾಲೆ ಬಿಡುವ ಹೊತ್ತಿನವರೆಗೂ ಅಗೆದೆ.