ಪರದೆ ತೆಗೆದ ಸರ್ವರ್ ಬೀ

ಶಿರಾಳಕೊಪ್ಪದ ಮಹಿಳಾ ಸಮಾಜಕ್ಕೆ ಬ್ಲಾಕ್ ಆಫೀಸಿನಿಂದ ಎರಡು ಹೊಲಿಗೆ ಯಂತ್ರ ಬಂದದ್ದು ಐವತ್ತೇಳನೇ ಇಸವಿಯಲ್ಲಿ. ಯಂತ್ರವೇನೋ ಬಂತು, ತಂತ್ರ ಬಲ್ಲವರು ಯಾರೂ ಇರಲಿಲ್ಲ. ಕಾರ್ಯದರ್ಶಿ ಶೇಷಮ್ಮ ಊರೆಲ್ಲ ವಿಚಾರಿಸಿ, ಕೊನೆಗೆ ಮಸೀದಿ ಹಿಂದಿನ ಓಣಿಗೆ ಹೋಗಿ ಸರ್ವರ್ ಬೀಯ ಬಾಗಿಲು ತಟ್ಟಿದಳು.

ಸರ್ವರ್ ಬೀಗೆ ಆಗ ಐವತ್ತರ ಹತ್ತಿರ. ಗಂಡ ಅಜಮತ್ ಉಲ್ಲಾ ದರ್ಜಿಯಾಗಿದ್ದ. ಅಂಗಡಿಯಲ್ಲಿ ಕತ್ತರಿ ಅವನದು, ಮನೆಯಲ್ಲಿ ಕೈ ಇವಳದು. ಅವನು ತೀರಿಕೊಂಡ ಮೇಲೆ ಕತ್ತರಿಯೂ ಇವಳದೇ ಆಯಿತು. ಆಕೆ ಟೇಪು ಹಿಡಿದದ್ದನ್ನು ಯಾರೂ ಕಂಡಿಲ್ಲ. ಬುರ್ಖಾದ ಜಾಲರಿಯೊಳಗಿಂದ ಎದುರಿಗಿದ್ದವರನ್ನು ಒಂದು ಸಲ ತಲೆಯಿಂದ ಕಾಲಿನವರೆಗೆ ನೋಡಿದರೆ ಅಳತೆ ಮುಗಿಯಿತು. ಮೊದಲ ದಿನವೇ ಶೇಷಮ್ಮನನ್ನು ಹಾಗೆ ನೋಡಿ, "ಎಡ ಭುಜ ಅರ್ಧ ಬೆರಳು ಇಳಿದೈತಲ್ರೀ, ಸಣ್ಣೋರಿದ್ದಾಗ ಭಾಳ ನೀರು ಹೊತ್ತೀರೇನು?" ಎಂದಳು. ಶೇಷಮ್ಮನ ಕೈ ತಾನಾಗಿ ಎಡ ಭುಜಕ್ಕೆ ಹೋಯಿತು. ಹನ್ನೆರಡು ವರ್ಷ ಸಂಸಾರ ಮಾಡಿದ ಗಂಡನ ಕಣ್ಣಿಗೇ ಆ ಭುಜ ಬಿದ್ದಿರಲಿಲ್ಲ. ಮೈಯೆಲ್ಲ ಮುಚ್ಚಿಕೊಂಡವಳಿಗೆ ಊರವರ ಮೈಯೆಲ್ಲ ತೆರೆದ ಪುಸ್ತಕ!

ಸರ್ವರ್ ಬೀ ಬಂದಳೆಂದು ಅವಳ ಹಿಂದೆ ಓಣಿಯ ಒಂಬತ್ತು ಜನ ಬಂದರು. ಪಕ್ಕದ ಮನೆಯ ಖುರ್ಷಿದಾ ಎಂಬ ಹುಡುಗಿಯಂತೂ ಆರು ತಿಂಗಳಲ್ಲಿ ಹೊಲಿಗೆ ಪರೀಕ್ಷೆಗೆ ಕೂರುವಷ್ಟು ಕಲಿತಳು. ಸಮಾಜದ ಕೋಣೆಯ ನಾಲ್ಕು ಕಿಟಕಿಗಳೂ ಸಂತೆ ರಸ್ತೆಗೆ. ಹಾಗಾಗಿ ಅವರೆಲ್ಲ ಕಿಟಕಿಗೆ ಬೆನ್ನು ಹಾಕಿ, ಬುರ್ಖಾದಲ್ಲೇ ಸೆಕೆಯಲ್ಲಿ ಬೇಯುತ್ತ ಹೊಲಿಯುತ್ತಿದ್ದರು.

ಮರುವರ್ಷ ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನ ಸಮಾಜಗಳಿಗೆ ಸೊರಬದ ವಕೀಲರ ಹೆಂಡತಿ ವನಜಮ್ಮ ಅಧ್ಯಕ್ಷರಾದರು. ಕಾನ್ವೆಂಟಿನಲ್ಲಿ ಓದಿದವರು, ಮಾತಿನಲ್ಲಿ ಖಡಕ್. ಅವರು ಒಂದು ಠರಾವು ಬರೆದು ಕಳಿಸಿದರು: 'ಸಮಾಜದ ಸದಸ್ಯೆಯರು ಪರದೆಯನ್ನು ತೆಗೆಯತಕ್ಕದ್ದು.' ಒಪ್ಪದವರಿಗೆ ಸಮಾಜದಲ್ಲಿ ಕೆಲಸವಿಲ್ಲ ಎಂದು ಜೊತೆಯ ಕಾಗದದಲ್ಲಿತ್ತು. ಅದನ್ನು ಓದಿ ಶೇಷಮ್ಮನ ಪರದಾಟ ಶುರುವಾಯಿತು. ಸರ್ವರ್ ಬೀ ಹೋದರೆ ಒಂಬತ್ತು ಜನರೂ ಹೋದರು, ಖುರ್ಷಿದಾಳ ಪರೀಕ್ಷೆಯೂ ಹೋಯಿತು. ಸರ್ವರ್ ಬೀಗೆ ಮುಂಚಿತವಾಗಿ ಹೇಳಲು ಅವಳಿಗೆ ಬಾಯಿ ಬರಲಿಲ್ಲ.

ಸಭೆಯ ದಿನ ವನಜಮ್ಮ ಬಸ್ಸಿಳಿದು ಬಂದರು. ಶೇಷಮ್ಮ ಠರಾವನ್ನೂ ಜೊತೆಯ ಕಾಗದವನ್ನೂ ಓದಿದಳು. ಹಿಂದಿನ ಸಾಲಿನಿಂದ ಸರ್ವರ್ ಬೀ ಕೇಳಿದಳು:

"ಎಷ್ಟು ಗಜ ತೆಗಿಬೇಕ್ರೀ?"

ಒಂದು ಗಳಿಗೆ ಯಾರಿಗೂ ತಿಳಿಯಲಿಲ್ಲ. ಆಮೇಲೆ ಕೋಣೆಯೇ ಬಿದ್ದು ಬಿದ್ದು ನಕ್ಕಿತು. ಮದುವೆಗೆ ಜವಳಿ ತೆಗೆಯುತ್ತೇವೆ, ಹಬ್ಬಕ್ಕೆ ಸೀರೆ ತೆಗೆಯುತ್ತೇವೆ. ದರ್ಜಿಯ ಕಿವಿಗೆ 'ಪರದೆ ತೆಗೆಯುವುದು' ಎಂದರೆ ಅಂಗಡಿಗೆ ಹೋಗಿ ಪರದೆ ಬಟ್ಟೆ ಕೊಳ್ಳುವುದೇ.

"ಅದಲ್ಲ ಮಾರಾಯ್ತಿ, ನಾನು ಹೇಳಿದ್ದು ಬುರ್ಖಾ!" ವನಜಮ್ಮನ ಮುಖ ಕೆಂಪಾಯಿತು.

ಮುಂದೆ ಕೂತಿದ್ದ ದುರ್ಗಮ್ಮ ಬಾಯಿ ಹಾಕಿದಳು. "ಅಲ್ರೀ ವನಜಮ್ನೋರೆ, ನಿಮಗ್ ಇಂಗ್ಲೀಷ್ ಕಲಿಸಿದ ಸಿಸ್ಟರ್‌ಗಳೂ ತಲಿ ಮುಚ್ಕಂಡೇ ಇರ್ತಿದ್ರು ಅಂತ ನೀವೇ ಅಂದಿದ್ರಲ್ಲ?"

"ಅದು ಬೇರೆ."

"ಹೆಂಗ್ ಬೇರೆ?"

"ಅದು... ಕಾನ್ವೆಂಟು."

ಮತ್ತೆ ನಗು. ವನಜಮ್ಮ ನಗಲಿಲ್ಲ. ದನಿ ತಗ್ಗಿಸಿ ಹೇಳಿದರು: "ನನ್ನ ಅಕ್ಕ ಹದಿನೇಳಕ್ಕೆ ವಿಧವೆಯಾದಳು. ತಲೆ ಬೋಳಿಸಿ ಕೆಂಪು ಸೆರಗು ಹೊದಿಸಿದ್ರು. ಹಿಂದಿನ ಕೋಣೆಯಿಂದ ಆಚೆ ಬಂದದ್ದು ಹೆಣವಾಗಿಯೇ. ಮುಚ್ಚಿದ ತಲೆ ಕಂಡ್ರೆ ಇವತ್ತಿಗೂ ನನಗೆ ಉಸಿರು ಕಟ್ಟುತ್ತೆ. ನಗಬೇಡಿ."

ಸರ್ವರ್ ಬೀ ಎದ್ದು ನಿಂತಳು.

"ನಿಮ್ಮಕ್ಕಂಗೆ ಬಾಗ್ಲು ಹಾಕಿದ್ರು ತಾಯಿ. ಅದು ಪಾಪ. ನಂಗೆ ಇದು ಹಾಕ್ಕಂಡ್ರೇ ಬಾಗ್ಲು ತೆಗಿಯೋದು. ಸಂತಿಗೆ ಹೋಗ್ತೀನಿ, ಸೊರಬದ ಬಸ್ ಹತ್ತೀನಿ, ಇಲ್ಲಿ ಬಂದು ಪಾಠ ಹೇಳ್ತೀನಿ. ನಾಳೆ ನಂಗೇ ಬ್ಯಾಡ ಅನ್ನಿಸಿದ್ರೆ ನಾನೇ ತೆಗಿತೀನಿ, ನಿಮ್ಮ ಠರಾವು ಬೇಕಾಗಿಲ್ಲ. ಇವತ್ತು ನೀವು ಸರಿಯಾಗಿ ಹೇಳ್ರಿ. ಬುರ್ಖಾ ತೆಗಿತೀರೋ, ನನ್ನೇ ತೆಗಿತೀರೋ?"

ಶೇಷಮ್ಮನ ಕೈಯ ಲೇಖನಿ ನಿಂತೇ ಬಿಟ್ಟಿತು. ಒಂದು ಕ್ರಿಯಾಪದಕ್ಕೆ ಇಷ್ಟು ಬಾಗಿಲುಗಳಿವೆಯೆಂದು ಯಾವ ವ್ಯಾಕರಣ ಮೇಷ್ಟರೂ ಅವಳಿಗೆ ಹೇಳಿರಲಿಲ್ಲ.

ಅಷ್ಟರಲ್ಲಿ ದುರ್ಗಮ್ಮನ ಮಾವ ಹುಚ್ಚರಾಯಪ್ಪ ಕೆಮ್ಮುತ್ತ ಕಿಟಕಿಯ ಪಕ್ಕ ಹಾದುಹೋದರು. ದುರ್ಗಮ್ಮನ ಸೆರಗು ತಟ್ಟನೆ ತಲೆಗೇರಿತು. ಗುಡ್ಡಮ್ಮನದೂ, ಮಾಸ್ತಮ್ಮನದೂ, ಹೀಗೆ ಸಾಲಿಗೆ ಸಾಲೇ. ಠರಾವು ಹಿಡಿದುಕೊಂಡೇ ಶೇಷಮ್ಮನ ಕೈ ಕೂಡ ಸೆರಗಿಗೆ ಹೋಯಿತು. ಮುದುಕ ದಾಟಿದ ಮೇಲೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಬೆಂಕಿ ಬಿತ್ತು ಈ ಕಿಟಕಿಗೆ!" ಎಂದಳು ದುರ್ಗಮ್ಮ. "ಮೊದ್ಲು ಇದಕ್ಕೊಂದು ಪರದೆ ತೆಗೀರಿ. ನಾ ಒಪ್ಪಿದೆ." ಕೈಯೆತ್ತಿದಳು. ಉಳಿದ ಕೈಗಳೂ ಎದ್ದವು. ಸರ್ವರ್ ಬೀಯದೂ ಎದ್ದಿತು.

ವನಜಮ್ಮ ಆ ಕೈಗಳನ್ನೂ ತಲೆಯಿಂದ ಇನ್ನೂ ಇಳಿಯದ ಸೆರಗುಗಳನ್ನೂ ಒಂದೊಂದಾಗಿ ನೋಡಿದರು. ಖಡಕ್ ಮುಖದ ಒಂದು ಮೂಲೆಯಲ್ಲಿ ನಗು ಸುಳಿದಂತಾಯಿತು.

"ಬರ್ಕೊಳ್ಳಿ ಶೇಷಮ್ಮ. ಠರಾವಿನ ಒಂದಕ್ಷರವನ್ನೂ ಬದಲಾಯಿಸಬೇಡಿ. ಪಾಸಾಯ್ತು. ಆ ಜೊತೆಯ ಕಾಗದ ಮಾತ್ರ ನನಗೆ ಕೊಟ್ಟುಬಿಡಿ."

ಶೇಷಮ್ಮ 'ಸರ್ವಾನುಮತದಿಂದ' ಎಂದು ಬರೆದಳು. ಸರ್ವರ್ ಅನುಮತಿಯೂ ಅದರೊಳಗೇ ಇತ್ತು.

ಮುಂದಿನ ಸೋಮವಾರ ನಾಲ್ಕು ಕಿಟಕಿಗೂ ನೀಲಿ ಗೀಟಿನ ಪರದೆ ಬಂತು. ಕತ್ತರಿಸಿದ್ದು ಸರ್ವರ್ ಬೀ, ಅಂಚು ಹೊಲಿದದ್ದು ಖುರ್ಷಿದಾ. ಪರದೆ ಎಳೆದ ಮೇಲೆ ಹತ್ತು ಬುರ್ಖಾಗಳು ಗೋಡೆಯ ಮೊಳೆಗೆ ಹೋದವು. ಯಾರೂ ಹೇಳಿರಲಿಲ್ಲ, ಸೆಕೆಯಾಗಿತ್ತು ಅಷ್ಟೆ. ಪಾಠ ಮುಗಿದೊಡನೆ ಮೊಳೆಯಿಂದ ಇಳಿದು ಮತ್ತೆ ಮೈಯೇರಿದವು. 'ಪರದೆ ತೆಗೆಯಲಾಗಿದೆ' ಎಂದು ಶೇಷಮ್ಮ ವರದಿ ಬರೆದಳು. ವನಜಮ್ಮ ಸಹಿ ಹಾಕಿದರು. ಖುರ್ಷಿದಾ ಸರ್ವರ್ ಬೀಯ ಜೊತೆ ಬಸ್ಸು ಹತ್ತಿ ಹೋಗಿ ಪರೀಕ್ಷೆ ಬರೆದು ಬಂದಳು.

ಶೇಷಮ್ಮನಿಗೆ ಒಂದೇ ಸಂಶಯ ಉಳಿದಿತ್ತು. ಒಂದು ಮಧ್ಯಾಹ್ನ ಗುಂಡಿಗೆ ಕಾಜಾ ಹೊಲಿಯುತ್ತ ತಡೆಯಲಾರದೆ ಕೇಳಿಯೇ ಬಿಟ್ಟಳು. "ಬೂಬಮ್ಮ, ಅವತ್ತು ಎಷ್ಟು ಗಜ ಅಂತ ಕೇಳಿದ್ರಲ್ಲ, ನಿಮಗೆ ನಿಜವಾಗಿ ಅರ್ಥ ಆಗಿರ್ಲಿಲ್ವಾ? ಇಲ್ಲಾ, ಬೇಕಂತಲೇ ಕೇಳಿದ್ರಾ?"

ಸರ್ವರ್ ಬೀ ಹಲ್ಲಿನಲ್ಲಿ ದಾರ ಕಡಿದಳು. ಕನ್ನಡಕದ ಮೇಲಿಂದ ಶೇಷಮ್ಮನನ್ನು ನೋಡಿದಳು.

"ಕೈ ಮ್ಯಾಲೆ ಗ್ಯಾನ ಇಡ್ರೀ ಶೇಷಮ್ಮಾರೇ. ಸೂಜಿ ಚುಚ್ಚೀತು."