ಮುಗುಮೊ ಮರಕ್ಕೆ ಕಾವಿ ಉಡಿಸಿದ ಸೋಮ್‌ಸಿ

ನೈರೋಬಿಯ ಜುಲೈ ತಿಂಗಳ ಚಳಿಯಲ್ಲಿ, ಕಿಲೆಲೆಶ್ವಾದ ನಮ್ಮ ಕಾಂಪೌಂಡಿನ ಗೇಟಿನ ಹೊರಗೆ, ಬೆಳಕು ಹರಿಯುವ ಹೊತ್ತಿಗೆ ಒಬ್ಬ ಹೆಂಗಸು ಬರಿಗಾಲಲ್ಲಿ ನಿಂತಿರುತ್ತಿದ್ದಳು. ಚಪ್ಪಲಿಗಳನ್ನು ಪಕ್ಕದಲ್ಲೇ ಜೋಡಿಸಿ ಇಟ್ಟಿರುತ್ತಿದ್ದಳು. ಕೈಯಲ್ಲಿ ಮುಚ್ಚಳವಿದ್ದ ಪುಟ್ಟ ಬಿದಿರಿನ ಬುಟ್ಟಿ, ಅದರೊಳಗೆ ಹಬೆಯಾಡುವ ಅಂಟಕ್ಕಿಯ ಅನ್ನ. ರಸ್ತೆಯಲ್ಲಿ ಬರುವ ಮೊದಲ ಮನುಷ್ಯನಿಗಾಗಿ ಅವಳು ಕಾಯುತ್ತಿದ್ದಳು. ಪಾಳಿ ಮುಗಿಸಿದ ಕಾವಲುಗಾರನಾಗಬಹುದು, ಮಟಾಟು ವ್ಯಾನಿನಿಂದ ಇಳಿದು ಮನೆಗೆಲಸಕ್ಕೆ ಬರುವ ಹೆಂಗಸಾಗಬಹುದು. ಅನ್ನದ ಒಂದು ಉಂಡೆಯನ್ನು ಅವರ ಅಂಗೈಗೆ ಇಟ್ಟು, ತಲೆ ಬಾಗಿಸಿ ಕೈ ಮುಗಿಯುತ್ತಿದ್ದಳು.

ಇವಳೇ ಸೋಮ್‌ಸಿ. ಥಾಯ್ಲೆಂಡಿನ ಈಶಾನ್ಯದ ಒಂದು ಪ್ರಾಂತದವಳು. ಅವಳ ಊರಿನಲ್ಲಿ ಬೆಳಗಾದರೆ ಭಿಕ್ಷುಗಳು ಸಾಲಾಗಿ ಬರುತ್ತಾರೆ, ಹೆಂಗಸರು ಮನೆಮುಂದೆ ಬರಿಗಾಲಲ್ಲಿ ನಿಂತು ಪಾತ್ರೆಗೆ ಅನ್ನ ಹಾಕುತ್ತಾರೆ. ಕಿಲೆಲೆಶ್ವಾದ ಬೀದಿಯಲ್ಲಿ ಭಿಕ್ಷುಗಳೆಲ್ಲಿ? ನಾನು ಒಮ್ಮೆ ಕೇಳಿಯೇಬಿಟ್ಟೆ. "ಭಿಕ್ಷು ಬರಲ್ಲ ಅಂತ ಅನ್ನ ಮಾಡೋದು ಬಿಡಕ್ಕಾಗುತ್ತಾ?" ಅಂದಳು.

ಅವಳು ನಮ್ಮ ಕಾಂಪೌಂಡಿಗೆ ಬಂದ ಮರುದಿನ, ಆ ಮೊದಲ ಮನುಷ್ಯ ನಾನೇ ಆಗಿದ್ದೆ. ನಾನು ಮೈಸೂರಿನ ಹಾಸ್ಟೆಲೊಂದರ ಗಂಟೆಯ ಸದ್ದಿಗೆ ಬೆಳೆದವನು. ಮುಂದೆ ಈ ಊರಿನಲ್ಲಿ ಗಣಿತದ ಮೇಷ್ಟರಾಗಿ, ವಾರ್ಡನ್ ಆಗಿ ಬೇರೆಯವರ ಮಕ್ಕಳಿಗೆ ಗಂಟೆ ಹೊಡೆಸಿದವನು. ಲೇಸು ಬಿಗಿದ ಬೂಟಿಲ್ಲದೆ ಹೊರಗೆ ಹೋಗುವುದಿಲ್ಲ. ವಾಕಿಂಗ್ ಮುಗಿಯದೆ ಬಾಯಿಗೆ ಏನನ್ನೂ ಹಾಕುವುದಿಲ್ಲ. ಅಂಥವನ ಅಂಗೈ ಮೇಲೆ ಇವಳು ಬಿಸಿ ಅನ್ನದ ಉಂಡೆ ಇಟ್ಟಳು. "ಅಸಾಂಟೆ" ಎಂದೆ, ಸ್ವಹಿಲಿಯಲ್ಲಿ ಥ್ಯಾಂಕ್ಸ್ ಅಂತ. ಅವಳು ತಲೆ ಅಲ್ಲಾಡಿಸಿದಳು. "ಅದನ್ನ ನೀವು ಹೇಳಬಾರದು. ತಗೊಂಡಿದ್ದಕ್ಕೆ ನಾನು ಹೇಳಬೇಕು."

ತಿನ್ನುವ ಹಾಗಿಲ್ಲ, ಎಸೆಯುವ ಹಾಗಿಲ್ಲ. ಅದನ್ನು ಹಿಡಿದುಕೊಂಡೇ ಪೂರ್ತಿ ಸುತ್ತು ಹಾಕಿ ಮನೆಗೆ ಬಂದೆ. ಬಾಗಿಲು ತೆಗೆದ ನನ್ನ ಹೆಂಡತಿ ಲಲಿತೆ ಅಂಗೈ ನೋಡಿ, "ಏನ್ರೀ ಇದು, ವಾಕಿಂಗ್ ಹೋದೋರು ಪಿಂಡ ಹಿಡ್ಕೊಂಡು ಬಂದಿದ್ದೀರಿ? ಯಾರ್ದು ಇವತ್ತು?" ಎಂದಳು.

ಅಂದೇ ಲಲಿತೆ ಬುಟ್ಟಿ ತುಂಬ ಚಕ್ಕುಲಿ ತೆಗೆದುಕೊಂಡು ಸೋಮ್‌ಸಿಯ ಮನೆಗೆ ಹೋದಳು. ಹೋದವಳು ಮಧ್ಯಾಹ್ನದ ಊಟದ ಹೊತ್ತು ಮೀರಿದರೂ ಬರಲಿಲ್ಲ. ಆಮೇಲೆ ಅವರಿಬ್ಬರೂ ಅಕ್ಕತಂಗಿಯರಾದರು. ಲಲಿತೆಯ ತಂಗಿಯಾದ್ದರಿಂದ ನನಗೂ ಅವಳು ಏಕವಚನದವಳಾದಳು. ಅವಳು ಮಾತ್ರ ನನ್ನನ್ನು 'ಆಚಾನ್' ಅನ್ನುತ್ತಿದ್ದಳು. ಅವರ ಕಡೆ ಮೇಷ್ಟರಿಗೆ ಹಾಗನ್ನುತ್ತಾರಂತೆ, ನಮ್ಮ ಆಚಾರ್ಯ ಎಂಬ ಮಾತೇ. ನಮ್ಮ ನಡುವಿನ ಭಾಷೆ ಇಂಗ್ಲಿಷು, ಸ್ವಹಿಲಿ, ಲಲಿತೆಯ ಅಡುಗೆಮನೆಯಲ್ಲಿ ಕಲಿತ ಕನ್ನಡ ಎಲ್ಲ ಸೇರಿದ ಕಲಸುಮೇಲೋಗರ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಅವಳ ಗಂಡ ಕಮಾವು ಇಲ್ಲಿನ ಕಿಕುಯು ಜನದವನು, ಪಶುವೈದ್ಯ. ಓದಲು ಅವಳ ಪ್ರಾಂತಕ್ಕೆ ಹೋಗಿ, ಮದುವೆಯಾಗಿ ಕರೆತಂದಿದ್ದ. ಅವನು ತೀರಿಕೊಂಡ ಮೇಲೆ ದೊಡ್ಡ ಮನೆ ಬಿಟ್ಟು ಅವಳು ನಮ್ಮ ಕಾಂಪೌಂಡಿನ ಸಣ್ಣ ಫ್ಲ್ಯಾಟಿಗೆ ಬಂದಳು. ಇದನ್ನೇ ಯಾಕೆ ಆರಿಸಿಕೊಂಡೆ ಎಂದರೆ ಅಂಗಳದ ಮುಗುಮೊ ಮರ ತೋರಿಸುತ್ತಿದ್ದಳು. ನಮ್ಮ ಆಲದ ಜಾತಿಯ ಮರ ಅದು. ಕಮಾವುನ ಅಜ್ಜಂದಿರು ಅಂಥ ಮರದ ಕೆಳಗೇ ದೇವರಿಗೆ ಕೈಯೆತ್ತುತ್ತಿದ್ದರಂತೆ. ಪ್ರತಿದಿನ ಅನ್ನ ಕೊಟ್ಟಾದ ಮೇಲೆ ಸೋಮ್‌ಸಿ ಒಂದು ಚಿಕ್ಕ ತಂಬಿಗೆಯಿಂದ ಅದರ ಬೇರಿಗೆ ಸಣ್ಣಗೆ ನೀರು ಬಿಡುತ್ತಿದ್ದಳು. ಕೊಟ್ಟ ಅನ್ನದ ಪುಣ್ಯ ಆ ನೀರಿನ ಜೊತೆ ತೀರಿಕೊಂಡವರಿಗೆ ಮುಟ್ಟುತ್ತದೆ ಎಂದು ಅವರ ನಂಬಿಕೆ. ತರ್ಪಣ ಬಿಟ್ಟವನಾದ ನನಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಅವಳಿಗೆ ಇನ್ನೊಂದು ಚಿಂತೆಯಿತ್ತು. ಥಾಯ್ಲೆಂಡಿನ ಅವಳ ಊರ ಹಿಂದಿನ ಗುಡ್ಡದಲ್ಲಿ ಕಲ್ಲುಗಣಿ ಮಾಡಲು ಯಾರೋ ಅನುಮತಿ ತಂದಿದ್ದರು. ಅಣಬೆ, ಕಳಲೆ, ಸೌದೆ ಎಲ್ಲ ಊರಿಗೆ ಬರುವುದು ಆ ಗುಡ್ಡದ ಕಾಡಿನಿಂದ. ಊರವರು ಭಿಕ್ಷುಗಳನ್ನು ಕರೆಸಿ ದೊಡ್ಡ ಮರಗಳಿಗೆಲ್ಲ ಕಾವಿ ಸುತ್ತಿ ದೀಕ್ಷೆ ಕೊಡಿಸಿದರು. ದೀಕ್ಷೆಯಾದ ಮರಕ್ಕೆ ಕೊಡಲಿ ಹಾಕಲು ಅಲ್ಲಿ ಯಾರ ಕೈಯೂ ಏಳದು. ಹೆಂಗಸರು ಮಗ್ಗಗಳನ್ನು ಹೊತ್ತು ತಂದು ಸರ್ಕಾರಿ ಕಚೇರಿಯ ಬಾಗಿಲಲ್ಲಿಟ್ಟು ನೇಯುತ್ತಾ ಕೂತರು. "ಎಬ್ಬಿಸೋಕೆ ಪೊಲೀಸಪ್ಪ ಬಂದ. ಅವನ ತಾಯಿನೇ ಮೂರನೇ ಮಗ್ಗದಲ್ಲಿ ಕೂತಿದ್ಲು. 'ಉಂಡ್ಯಾ ಮಗಾ?' ಅಂದ್ಲು. ಪಾಪ, ಹೊರಟೇಹೋದ" ಎಂದು ಹೇಳಿ ಸೋಮ್‌ಸಿ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು.

ಲಾರಿಗಳು ಗುಡ್ಡ ಹತ್ತುವ ದಾರಿಗೆ ಅಡ್ಡವಾಗಿ ಊರವರು ಒಂದು ಚಪ್ಪರ ಹಾಕಿದ್ದರು. ಅಲ್ಲಿ ಮನೆಗೊಂದು ಚಾಪೆ. ಯಾವ ಮನೆಯ ಚಾಪೆಯೂ ಖಾಲಿ ಇರಬಾರದೆಂದು ಕಟ್ಟು. ಸೋಮ್‌ಸಿಯ ಮನೆಯ ಚಾಪೆಯಲ್ಲಿ ಅವಳ ಅಕ್ಕ ಒಬ್ಬಳೇ ವರ್ಷಗಟ್ಟಲೆ ಕೂತಿದ್ದಳು. ವೀಡಿಯೊ ಕರೆ ಬಂದಾಗಲೆಲ್ಲ ಸೋಮ್‌ಸಿ ಮೊದಲು ಕೇಳುತ್ತಿದ್ದದ್ದು ಅಕ್ಕನ ಮಂಡಿ ಹೇಗಿದೆ ಎಂದು.

ಇಲ್ಲಿನ ಯುವಕರು ಸರ್ಕಾರದ ವಿರುದ್ಧ ಬೀದಿಗಿಳಿದು ಪಕ್ಕದ ಕಿಲಿಮಾನಿಯ ಕಡೆಯಿಂದ ಅಶ್ರುವಾಯು ನಮ್ಮ ಬಾಲ್ಕನಿಯವರೆಗೂ ಬಂದ ದಿನಗಳಲ್ಲಿ ನಾವೆಲ್ಲ ಕಿಟಕಿ ಮುಚ್ಚಿ ಕೂತೆವು. ಅವಳು ನೀರಿನ ಬಕೆಟ್ ಹಿಡಿದು ಗೇಟಿಗೆ ಹೋದಳು. ಕಣ್ಣು ತೊಳೆದುಕೊಳ್ಳುತ್ತಿದ್ದ ಹುಡುಗಿಯರನ್ನು ಕೇಳಿದಳು: "ನಿಮ್ಮಲ್ಲಿ ಅಡುಗೆ ಯಾರು ಮಾಡ್ತಾರೆ?"

"ಶೋಶೋ, ಅಡುಗೆ ಯಾಕೆ? ಫೋನಲ್ಲೇ ತರಿಸ್ಕೊಳ್ತೀವಿ" ಎಂದು ಅವರು ನಕ್ಕರು. ಇಲ್ಲಿ ಅಜ್ಜಿಗೆ ಹಾಗನ್ನುವುದು.

"ಹಾಗಾದ್ರೆ ಸಂಜೆಗೆ ಮನೆಗೆ ಹೋಗ್ಬಿಡ್ತೀರಿ. ಒಲೆ ಹೂಡಿ, ಒಲೆ ಹೂಡಿದ್ರೆ ಕೂರಬಹುದು" ಎಂದಳು.

ಇಷ್ಟರಲ್ಲಿ ನಮ್ಮದೇ ಅಂಗಳದಲ್ಲಿ ತಕರಾರು ಎದ್ದಿತು. ನಿವಾಸಿಗಳ ಸಂಘದ ಅಧ್ಯಕ್ಷರು ಡಾಕ್ಟರ್ ಪಿಂಟೊ, ಮಂಗಳೂರಿನವರು, ಹಲ್ಲಿನ ವೈದ್ಯರು. ಕಾರ್ಯದರ್ಶಿ ನಾನು. ಕಾರುಗಳು ಹೆಚ್ಚಾಗಿ, ಪಾರ್ಕಿಂಗಿಗೆ ಜಾಗ ಸಾಲದೆ, ಮುಗುಮೊ ಮರ ಕಡಿಸುವುದೆಂದು ಸಭೆಯಲ್ಲಿ ಕೈಯೆತ್ತಿ ತೀರ್ಮಾನವಾಯಿತು. ಸೋಮವಾರ ಗರಗಸದವರು ಬರುವವರಿದ್ದರು. ಸೋಮ್‌ಸಿ ಸಭೆ ಮುಗಿದ ಮೇಲೆ ಪಿಂಟೊ ಅವರ ಹತ್ತಿರ ಹೋಗಿ, "ಭಾನುವಾರ ಮರದ ಕೆಳಗೆ ಒಂದು ಪೂಜೆ ಮಾಡಬಹುದಾ?" ಎಂದು ಕೇಳಿದಳು.

"ಧಾರಾಳ ಮಾಡಿ ಮಾರಾಯ್ರೆ. ಹೋಗುವವರಿಗೆ ಒಂದು ಪ್ರಾರ್ಥನೆ ಬೇಕಲ್ಲ" ಎಂದರು ಪಿಂಟೊ.

ಅವಳು ನೇರ ನಮ್ಮ ಮನೆಗೆ ಬಂದಳು. "ಅಕ್ಕಾ, ಕಾವಿ ಬಟ್ಟೆ ಇದೆಯಾ?" ಲಲಿತೆ ಬೀರು ತೆಗೆದು ಕಾವಿ ಬಣ್ಣದ ಒಂದು ನೂಲಿನ ಸೀರೆ ಹೊರತೆಗೆದಳು. ಅವಳ ತಮ್ಮ ಕೊಡಿಸಿದ್ದು, ಮಡಿಕೆ ಸಹ ಬಿಚ್ಚಿರಲಿಲ್ಲ. ಸೋಮ್‌ಸಿ ಅದನ್ನು ನೆಲದ ಮೇಲೆ ಹರಡಿ, ಅಂಚು ಬಿಚ್ಚಿ ಬದಿಗಿಟ್ಟು, ಕತ್ತರಿ ತೆಗೆದುಕೊಂಡು ನಮ್ಮ ಕಣ್ಣೆದುರೇ ತುಂಡುತುಂಡು ಮಾಡತೊಡಗಿದಳು. ನಾನು ತಡೆದೆ. ಮರಕ್ಕೆ ಸುತ್ತುವುದಕ್ಕೆ ಇಡೀ ಸೀರೆ ತಾನೇ ಬೇಕಾದ್ದು?

"ಭಿಕ್ಷುವಿನ ಬಟ್ಟೆ ಇಡಿಯಾಗಿರಬಾರದು ಆಚಾನ್. ಕತ್ತರಿಸಿ ಮತ್ತೆ ಹೊಲೀಬೇಕು, ಗದ್ದೆ ಥರ. ಇದು ಗದ್ದೆ, ಹೊಲಿಗೆ ಬರೋದು ಬದು. ಕತ್ತರಿಸಿದ ಬಟ್ಟೆಗೆ ಸಂತೇಲಿ ಬೆಲೆ ಇಲ್ಲ, ಯಾರೂ ಕದಿಯಲ್ಲ."

ಅಳತೆಯಿಲ್ಲದೆ ಕಣ್ಣಂದಾಜಿನಲ್ಲೇ ಕತ್ತರಿಸುತ್ತಿದ್ದಳು. ಒಂದು ತುಂಡು ಅಗಲ, ಒಂದು ಸೊಟ್ಟ. ನನಗೆ ನೋಡಲಾಗದೆ ಒಳಗೆ ಹೋಗಿ ಸ್ಕೇಲು ತಂದುಕೊಟ್ಟೆ. ಅವಳು ಅದನ್ನು ಬಟ್ಟೆ ಹಾರದ ಹಾಗೆ ಒಂದು ಮೂಲೆಗೆ ಭಾರ ಇಟ್ಟಳು.

ಭಾನುವಾರ ನೈರೋಬಿಯ ಬೌದ್ಧ ವಿಹಾರದಿಂದ ಒಬ್ಬ ಸಿಂಹಳದ ಭಿಕ್ಷು ಬಂದರು. ವಿಷಯ ಕೇಳಿ ಹಿಂಜರಿದರು. "ಅಮ್ಮಾ, ಮರಕ್ಕೆ ದೀಕ್ಷೆ ಕೊಡುವ ಪದ್ಧತಿ ನಮ್ಮ ಕಡೆ ಇಲ್ಲ. ಮರ ವ್ರತ ಹಿಡಿಯುವುದು ಹೇಗೆ?"

"ಮರ ಆಗಲೇ ಹಿಡಿದಿದೆ ಭಂತೇ. ಕೊಲ್ಲಲ್ಲ, ಕದಿಯಲ್ಲ, ಸುಳ್ಳು ಹೇಳಲ್ಲ. ಇದು ನಮಗೆ ನೆನಪಾಗಲಿ ಅಂತ."

ಭಿಕ್ಷು ಚಪ್ಪಲಿ ಬಿಟ್ಟು ಮರದ ಬುಡಕ್ಕೆ ಹೋದರು. ಆಮೇಲೆ ಕೂತು ಮಂತ್ರ ಹೇಳಿದರು. ಎನ್‌ಜೊರೊಗೆ ಎಂಬ ನಮ್ಮ ಕಾವಲುಗಾರ, ಅವನೂ ಕಿಕುಯು ಜನದವನೇ, ಏಣಿ ಹತ್ತಿ ಬಟ್ಟೆ ಸುತ್ತಿದ, ನಾನು ಏಣಿ ಹಿಡಿದುಕೊಂಡೆ. ಇಳಿದು ಬಂದು ಅವನು ಟೋಪಿ ತೆಗೆದ. "ಮೇಷ್ಟ್ರೇ, ಮುಗುಮೊ ಕಡಿಯೋದಕ್ಕೆ ಗೇಟು ತೆಗೀಬೇಕಲ್ಲ ಅಂತ ಎರಡು ದಿನದಿಂದ ನನಗೆ ಊಟ ಸೇರಿರಲಿಲ್ಲ" ಎಂದ.

ಸೋಮವಾರ ಗರಗಸದವರು ಬಂದರು. ಎನ್‌ಜೊರೊಗೆ ಗೇಟು ತೆಗೆದ, ಅದು ಅವನ ಕೆಲಸ. ಮರದ ಕೆಳಗೆ ಸೋಮ್‌ಸಿ ಚಪ್ಪಲಿ ಬಿಟ್ಟು ಬುಟ್ಟಿ ಹಿಡಿದು ನಿಂತಿದ್ದಳು. ಬಂದವರ ಅಂಗೈಗೆ ಒಂದೊಂದು ಉಂಡೆ ಇಟ್ಟು ಕೈ ಮುಗಿದಳು. ಅವರು ತಿಂದರು. ತಿಂದಾದ ಮೇಲೆ ಮರ ನೋಡಿದರು, ಬಟ್ಟೆ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರ ಮುಖ್ಯಸ್ಥ ಪಿಂಟೊ ಅವರಿಗೆ ಫೋನ್ ಮಾಡಿದ. "ಡಾಕ್ಟರ್, ನೀವು ಮರ ಅಂದಿದ್ರಿ. ಇಲ್ಲಿ ಪಾದ್ರಿ ನಿಂತಿದ್ದಾರೆ. ನಮ್ಮ ಕೈಲಾಗಲ್ಲ."

ಪಿಂಟೊ ಲುಂಗಿಯಲ್ಲೇ ಇಳಿದು ಬಂದರು. "ಎಂಥ ರಾಯರೆ ಇದು? ಪೂಜೆ ಅಂದರೆ ಹೂ, ಊದುಬತ್ತಿ ಅಂತ ನಾನು ತಿಳ್ಕೊಂಡದ್ದು. ನೀವು ಕಾರ್ಯದರ್ಶಿ, ಏಣಿ ಹಿಡಿದದ್ದು ನೀವೇ ಅಂತೆ. ಹೌದಾ?"

"ಹೌದು. ಏಣಿ ಅಲ್ಲಾಡ್ತಿತ್ತು" ಎಂದೆ.

ಸೋಮ್‌ಸಿ ಒಂದೇ ಒಂದು ಕೇಳಿಕೊಂಡಳು: ಇನ್ನೊಮ್ಮೆ ಸಭೆ ಕರೆಯಬೇಕು, ಅದು ಮರದ ಕೆಳಗೆ ಆಗಬೇಕು. ಮುಂದಿನ ಶನಿವಾರ ಮಧ್ಯಾಹ್ನದ ಬಿಸಿಲಿಗೆ ಎಲ್ಲರೂ ಅದರ ನೆರಳಲ್ಲೇ ಚಾಪೆ ಹಾಕಿ ಕೂತೆವು. ಮನೆಗೊಂದು ಚಾಪೆ, ಅವಳ ಊರಿನ ಕಟ್ಟು. ನಾನು ಅಷ್ಟರಲ್ಲಿ ಅಂಗಳವನ್ನೆಲ್ಲ ಟೇಪು ಹಿಡಿದು ಅಳೆದಿದ್ದೆ. ಹಾಳು ಬಿದ್ದಿದ್ದ ನೀರಿನ ತೊಟ್ಟಿ ಒಡೆಸಿ, ಕಾರುಗಳನ್ನು ನೇರಕ್ಕೆ ಬದಲು ಓರೆಯಾಗಿ ನಿಲ್ಲಿಸಿದರೆ ಮರ ಬಿಟ್ಟೂ ಎಲ್ಲವೂ ಹಿಡಿಯುತ್ತಿದ್ದವು. ನಕ್ಷೆ ತೋರಿಸಿದೆ. ಪಿಂಟೊ ನಕ್ಷೆ ನೋಡಿದರು. ಬಿಸಿಲಲ್ಲಿ ಕಾಯುತ್ತಿದ್ದ ತಮ್ಮ ಕಾರನ್ನು ನೋಡಿದರು. ನೆರಳಲ್ಲಿ ಆರಾಮಾಗಿ ಕಾಲು ಚಾಚಿದ್ದ ತಮ್ಮ ಹೆಂಡತಿಯನ್ನೂ ನೋಡಿದರು.

"ಬಿಸಿಲಲ್ಲಿ ಸಭೆ ಕರೆದಿದ್ದರೆ ಐದು ನಿಮಿಷದಲ್ಲಿ ಮುಗೀತಿತ್ತು. ಇಲ್ಲಿ ಕೂರಿಸಿ ಕಡೀಬೇಕಾ ಅಂತ ಕೇಳಿದರೆ ಯಾರು ಹೂಂ ಅಂತಾರೆ? ಈ ಹೆಂಗಸು ಭಾರಿ ಉಂಟು ರಾಯರೆ" ಎಂದು ಮೊದಲ ಕೈ ಅವರೇ ಎತ್ತಿದರು. ಮರ ಉಳಿಯಿತು. ಈಗ ಅದರ ಕೆಳಗೆ ಎಲ್ಲರಿಗಿಂತ ಹೆಚ್ಚು ಹೊತ್ತು ಕೂರುವವರು ಅವರೇ.

ಎರಡು ಮಳೆಗಾಲ ಕಳೆದ ಮೇಲೆ ಸೋಮ್‌ಸಿಯ ಅಕ್ಕನಿಗೆ ಮಂಡಿಯ ಶಸ್ತ್ರಚಿಕಿತ್ಸೆ ಆಯಿತು. ನೆಲದ ಮೇಲೆ ಕೂರಬಾರದೆಂದರು ಡಾಕ್ಟರರು. ಗುಡ್ಡದ ತಕರಾರು ಇನ್ನೂ ಕೋರ್ಟಿನಲ್ಲಿತ್ತು. ತೀರ್ಪು ಬರುವ ತನಕ ಚಪ್ಪರ ಬಿಚ್ಚುವಂತಿರಲಿಲ್ಲ. ಸೋಮ್‌ಸಿ ನಮ್ಮ ಮನೆಗೆ ಬಂದು, "ಅಕ್ಕಾ, ನಮ್ಮ ಮನೆ ಚಾಪೆ ಖಾಲಿ ಇದೆ" ಎಂದಳು. ಅವಳು ಊರಿಗೆ ಹೊರಟಿದ್ದಾಳೆಂದು ತಿಳಿದ ಲಲಿತೆ ಸೀರೆಯಿಂದ ಬಿಚ್ಚಿಟ್ಟಿದ್ದ ಅಂಚನ್ನು ಸುರುಳಿ ಸುತ್ತಿ ಅವಳ ಚೀಲಕ್ಕೆ ಹಾಕಿದಳು.

ಹೊರಟ ದಿನ ಬೆಳಿಗ್ಗೆ ಅವಳು ಎಂದಿನಂತೆ ಗೇಟಿನಲ್ಲಿದ್ದಳು. ನಾನು ವಾಕಿಂಗ್ ನಿಲ್ಲಿಸಿ, ಅವಳಿಟ್ಟ ಉಂಡೆಯನ್ನು ಅಲ್ಲೇ ನಿಂತು ತಿಂದೆ. ಅಸಾಂಟೆ ಎನ್ನಲಿಲ್ಲ. "ಕಲಿತ್ರಿ, ಆಚಾನ್" ಎಂದಳು. ಟ್ಯಾಕ್ಸಿ ಬರುವ ಮೊದಲು ತಂಬಿಗೆಯನ್ನು ಎನ್‌ಜೊರೊಗೆಯ ಕೈಗಿತ್ತಳು. ಕಮಾವುಗೆ ನೀರು ಈಗ ಅವನು ಬಿಡುತ್ತಾನೆ, ತನ್ನ ಅಜ್ಜಂದಿರಿಗೂ ಸೇರಿಸಿ.

ಈ ಸಲದ ಮಳೆಗೆ ಮರದ ಮೇಲಿನ ಕಾವಿ ಮಾಸಿ ಎಳೆಎಳೆಯಾಯಿತು. ಸಂಘದ ಸಭೆಯಲ್ಲಿ ಹೊಸ ಬಟ್ಟೆಯ ಮಾತನ್ನು ಎತ್ತಿದವರು ಪಿಂಟೊ. ಲಲಿತೆ ಇನ್ನೊಂದು ಸೀರೆ ತೆಗೆದಳು. ನಮ್ಮ ನಡುಮನೆಯ ನೆಲದ ಮೇಲೆ ಅದನ್ನು ಹರಡಿ, ನಾನು ಸ್ಕೇಲು, ಪೆನ್ಸಿಲು, ಕತ್ತರಿ ಹಿಡಿದು ಮಂಡಿಯೂರಿದೆ. ಲಲಿತೆ ಫೋನನ್ನು ಕುರ್ಚಿಗೆ ಒರಗಿಸಿ ಸೋಮ್‌ಸಿಗೆ ಕರೆ ಮಾಡಿದಳು.

ಅವಳು ಚಪ್ಪರದಲ್ಲಿದ್ದಳು. ಹಿಂದೆ ಹೆಂಗಸರ ನಗು, ಮಗ್ಗದ ಸದ್ದು, ಯಾರೋ ಒಲೆ ಊದುತ್ತಿದ್ದ ಹೊಗೆ. ಅದರಾಚೆ ಗುಡ್ಡ ಹಸಿರಾಗಿ ಹಾಗೆಯೇ ನಿಂತಿತ್ತು. ತಪ್ಪಲಿನ ಒಂದು ಮರದ ಸೊಂಟಕ್ಕೆ ಸುತ್ತಿದ್ದ ಲಲಿತೆಯ ಸೀರೆಯ ಅಂಚು ಕಾಣುತ್ತಿತ್ತು. ಲಾರಿಗಳು ಬಂದವೇ ಎಂದು ಕೇಳಿದೆ.

"ಬರ್ತಾವೆ, ಡ್ರೈವರುಗಳು ಅನ್ನ ತಿಂತಾರೆ, ಹೋಗ್ತಾವೆ" ಎಂದಳು. ಆಮೇಲೆ ಫೋನಿಗೆ ಮುಖ ತಂದು ನಮ್ಮ ನಡುಮನೆಯ ನೆಲವನ್ನು ನೋಡಿದಳು. ನಾನು ಎಳೆದಿದ್ದ ಗೆರೆಗಳು ಒಂದರ ಪಕ್ಕ ಒಂದು ಕಾಲು ಇಂಚೂ ತಪ್ಪದೆ ನಿಂತಿದ್ದವು.

"ಅಷ್ಟು ನೆಟ್ಟಗೆ ಬೇಡ ಆಚಾನ್. ಗದ್ದೆ ಬದು ಎಲ್ಲಾದ್ರೂ ನೆಟ್ಟಗಿರೋದು ನೋಡಿದ್ದೀರಾ?"

ಸ್ಕೇಲನ್ನು ಸೀರೆಯ ಮೂಲೆಗೆ ಭಾರ ಇಟ್ಟು, ಕತ್ತರಿ ಆಡಿಸಿದೆ.